ದುಬಾರಿ ಮನೆಗೆ ಹೆಚ್ಚುವರಿ ತೆರಿಗೆ: ಸರ್ವೆಯಲ್ಲಿ ಹೌದು, ಸಭೆಯಲ್ಲಿ ಬೇಡ

ಈ ಬರಹದಲ್ಲಿ ಬರುವ ನಗರಕ್ಕೆ ಹೆಸರಿಟ್ಟಿಲ್ಲ. ಅಲ್ಲಿನವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ದುಬಾರಿ ಮನೆಗಳ ಮೇಲೆ ಹೆಚ್ಚುವರಿ ತೆರಿಗೆ ಹಾಕಲು ಹೊರಟ ಒಂದು ನಗರಸಭೆಗೆ ಜನರ ಅಭಿಪ್ರಾಯ ಸಂಗ್ರಹಿಸಿಕೊಡುವ ತಂಡದಲ್ಲಿ ನಾನಿದ್ದೆ. ಯಾವ ಹಂತದಲ್ಲಿ ಯಾರು ಏನು ತೀರ್ಮಾನ ಮಾಡಿದರು, ಅದರಿಂದ ಏನಾಯಿತು ಅನ್ನುವುದೇ ಇಲ್ಲಿ ಮುಖ್ಯ. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರು ಓದಲಿ ಅಂತ ಬರೆದಿದ್ದೇನೆ.

ಹಿನ್ನೆಲೆ

ಆ ನಗರದ ಮನೆ ಕಂದಾಯ ಹಳೇ ಬೆಲೆಯ ಮೇಲೆ ನಿಂತಿತ್ತು. ಯಾವುದೋ ಕಾಲದಲ್ಲಿ ಎಲ್ಲ ಮನೆಗಳ ಮೌಲ್ಯ ಬರೆದಿಟ್ಟಿದ್ದರು. ಆಮೇಲೆ ಆ ಪುಸ್ತಕವನ್ನು ಯಾರೂ ಮುಟ್ಟಿರಲಿಲ್ಲ. ಇದೇನು ಅಪರೂಪವಲ್ಲ. ಇಂಗ್ಲೆಂಡಿನ ಮನೆ ಕಂದಾಯ, ಅಂದರೆ ಅಲ್ಲಿನ ಕೌನ್ಸಿಲ್ ಟ್ಯಾಕ್ಸ್, ಇವತ್ತಿಗೂ 1991ರ ಏಪ್ರಿಲ್ 1ರ ಬೆಲೆಯನ್ನೇ ಹಿಡಿದು ನಡೆಯುತ್ತಿದೆ. ಮೌಲ್ಯವನ್ನು ಮತ್ತೆ ಅಳೆದರೆ ಕೆಲವರ ಕಂದಾಯ ಏರುತ್ತದೆ, ಕೆಲವರದ್ದು ಇಳಿಯುತ್ತದೆ. ಏರಿದವರು ಬೀದಿಗೆ ಬರುತ್ತಾರೆ, ಇಳಿದವರು ಸುಮ್ನೆ ಮನೆಯಲ್ಲಿರುತ್ತಾರೆ. ಹಾಗಾಗಿ ಯಾವ ಪಕ್ಷವೂ ಆ ಗೋಜಿಗೆ ಹೋಗುವುದಿಲ್ಲ.

ಹೀಗೆ ಬಿಟ್ಟಿದ್ದರಿಂದ ಬೆಲೆ ಹಲವು ಪಟ್ಟು ಏರಿದ ಬಡಾವಣೆಯವರೂ, ಏರದೇ ಉಳಿದ ಅಂಚಿನ ಬಡಾವಣೆಯವರೂ ಹೆಚ್ಚುಕಡಿಮೆ ಒಂದೇ ಮೊತ್ತ ಕಟ್ಟುತ್ತಿದ್ದರು. ನಗರಸಭೆಗೆ ದುಡ್ಡು ಸಾಲುತ್ತಿರಲಿಲ್ಲ. ಎಲ್ಲರ ಮನೆಯನ್ನೂ ಹೊಸದಾಗಿ ಅಳೆಯುವ ಧೈರ್ಯವೂ ಇರಲಿಲ್ಲ. ಅದಕ್ಕೆ ಒಂದು ಒಳದಾರಿ ಹುಡುಕಿದರು. ಉಳಿದವರ ಕಂದಾಯ ಹಾಗೇ ಇರಲಿ, ಒಂದು ಗೆರೆ ಎಳೆಯೋಣ, ಆ ಗೆರೆ ದಾಟಿದ ಮನೆಗಳಿಗೆ ಮಾತ್ರ ಪ್ರತಿ ವರ್ಷ ಹೆಚ್ಚುವರಿ ತೆರಿಗೆ ಹಾಕೋಣ ಅಂತ. ಇಂಗ್ಲೆಂಡ್ ಕೂಡ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. 20 ಲಕ್ಷ ಪೌಂಡ್ ಮೀರಿದ ಮನೆಗಳಿಗೆ 2028ರ ಏಪ್ರಿಲ್‌ನಿಂದ ಹೆಚ್ಚುವರಿ ತೆರಿಗೆ ಅಂತ 2025ರ ನವೆಂಬರ್ ಬಜೆಟ್‌ನಲ್ಲಿ ಘೋಷಿಸಿದರು.

ಮೊದಲು ಒಂದು ಸರ್ವೆ ಆಯಿತು. ಪ್ರಶ್ನೆ ನೇರವಾಗಿತ್ತು: ಅತಿ ಬೆಲೆಬಾಳುವ ಮನೆಗಳ ಮಾಲೀಕರು ಇನ್ನೂ ಸ್ವಲ್ಪ ಜಾಸ್ತಿ ತೆರಿಗೆ ಕಟ್ಟಬೇಕಾ? ಬಹುಪಾಲು ಜನ ಹೌದು ಅಂದರು. ಬಾಡಿಗೆದಾರರು ಹೌದು ಅಂದರು, ಸ್ವಂತ ಮನೆಯವರೂ ಹೌದು ಅಂದರು. ಅಧ್ಯಕ್ಷರಿಗೆ ಖುಷಿಯೋ ಖುಷಿ. ಸಾರ್ವಜನಿಕ ಸಭೆ ಅಂದರೆ ಬರೀ ಶಾಸ್ತ್ರ, ಎರಡು ವಾರದಲ್ಲಿ ಮುಗಿಸೋಣ ಅಂದರು.

ಸಭಾಂಗಣದಲ್ಲಿ ಆಗಿದ್ದು

ದೊಡ್ಡ ಮನೆಯವರು ವಕೀಲರ ಜೊತೆ ಬರುತ್ತಾರೆ, ಉಳಿದವರು ನಮ್ಮ ಪರ ನಿಲ್ಲುತ್ತಾರೆ ಅನ್ನುವುದು ನಗರಸಭೆಯ ಲೆಕ್ಕ. ದೊಡ್ಡ ಮನೆಯವರು ಬರಲೇ ಇಲ್ಲ. ಬಂದವರಲ್ಲಿ ಹೆಚ್ಚಿನವರು ಆ ಗೆರೆಯ ಹತ್ತಿರವೂ ಇಲ್ಲದವರು. ಅವರೇ ಎದ್ದು ನಿಂತು ಬೇಡ ಅಂದರು.

ಮೊದಲು ಮಾತಾಡಿದ್ದು ಬಾಡಿಗೆ ಮನೆಯಲ್ಲಿರುವ ಒಬ್ಬ ಡ್ರೈವರ್. "ಇವತ್ತು ಅವರ ಮನೆಗೆ ಬರ್ತೀರಿ, ನಾಳೆ ನಮ್ಮ ಮನೆಗೂ ಬರ್ತೀರಿ ಅಲ್ವಾ ಸಾರ್?" ಅಂತ ಕೇಳಿದ. ನಿನಗೆ ಸ್ವಂತ ಮನೆಯೇ ಇಲ್ಲವಲ್ಲ ಅಂತ ಹಿಂದಿನಿಂದ ಯಾರೋ ಅಂದರು. "ಮುಂದೆ ಕಟ್ಟಲ್ವಾ ನಾನು?" ಅಂದ. ಸಭೆ ನಕ್ಕಿತು. ಆದರೆ ಅವನು ತಮಾಷೆ ಮಾಡಿರಲಿಲ್ಲ. ಜನ ಇವತ್ತಿನ ತಮ್ಮ ಸ್ಥಿತಿ ನೋಡಿ ತೆರಿಗೆಯನ್ನು ಅಳೆಯುವುದಿಲ್ಲ, ಮುಂದೆ ತಾವು ಎಲ್ಲಿರುತ್ತೇವೆ ಅನ್ನುವುದನ್ನೂ ಸೇರಿಸಿಕೊಳ್ಳುತ್ತಾರೆ.

ಆಮೇಲೆ ಒಬ್ಬ ನಿವೃತ್ತ ಶಿಕ್ಷಕಿ ಎದ್ದರು. ಪೆನ್ಶನ್ ಮೇಲೆ ಬದುಕುವವರು. ಮನೆ ಕಟ್ಟಿದಾಗ ಆ ಕಡೆ ಹೋಗಲು ಸರಿಯಾದ ರಸ್ತೆಯೂ ಇರಲಿಲ್ಲವಂತೆ. ಈಗ ಊರಿಗೆಲ್ಲ ದುಬಾರಿ ಬಡಾವಣೆ ಅದೇ. "ಬೆಲೆ ಏರಿದ್ದು ನನ್ನ ಗೋಡೆಗೆ, ನನ್ನ ಪೆನ್ಶನ್‌ಗಲ್ಲ" ಅಂದರು. ಚಪ್ಪಾಳೆ ಬಿತ್ತು. ವೇದಿಕೆ ಮೇಲಿದ್ದ ಒಬ್ಬ ಸದಸ್ಯರು ಮೈಕ್ ತೆಗೆದುಕೊಂಡು, "ಕಷ್ಟ ಆದ್ರೆ ಮಾರಿ ಚಿಕ್ಕ ಮನೆಗೆ ಹೋಗಬಹುದಲ್ವಾ ಮೇಡಂ" ಅಂದುಬಿಟ್ಟರು.

ಆ ಒಂದು ಮಾತು ಸಾಕಾಯಿತು. ಲೆಕ್ಕಾಚಾರದ ದೃಷ್ಟಿಯಿಂದ ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಒಬ್ಬರೇ ಇರುವ ದೊಡ್ಡ ಮನೆ, ಏರಿದ ಬೆಲೆ, ಮಾರಿದರೆ ಕೈತುಂಬ ದುಡ್ಡು. ಆದರೆ ಸಭೆಗೆ ಕೇಳಿಸಿದ್ದು ಬೇರೆ: ಇವರು ಮುದುಕಿಯನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಮರುದಿನದಿಂದ ಈ ತೆರಿಗೆಯ ಮುಖ ಅಂದರೆ ಆ ಶಿಕ್ಷಕಿಯ ಮುಖ. ಸರ್ವೆಗೆ ಉತ್ತರ ಕೊಡುವಾಗ ಜನರ ಕಣ್ಣ ಮುಂದೆ ಇದ್ದದ್ದು ಗೇಟಿನಲ್ಲಿ ಕಾವಲುಗಾರ ನಿಂತಿರುವ ಬಂಗಲೆ. ಸಭೆ ಮುಗಿದಾಗ ಅದೇ ಜಾಗದಲ್ಲಿ ಪಕ್ಕದ ಮನೆಯ ಅಜ್ಜಿ ಇದ್ದರು.

ಇದೂ ಹೊಸದಲ್ಲ. ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಮನೆ ಬೆಲೆ ಓಡಿತು, ಜೊತೆಗೆ ತೆರಿಗೆಯೂ ಓಡಿತು. ನಿವೃತ್ತರು ಮನೆ ಕಳೆದುಕೊಳ್ಳುತ್ತಾರೆ ಅನ್ನುವ ಭಯ ಹಬ್ಬಿತು. 1978ರಲ್ಲಿ ಮತದಾರರು ಪ್ರೊಪೊಸಿಷನ್ 13 ಅನ್ನುವ, ಜನರ ಮತಕ್ಕೇ ಇಟ್ಟ ಪ್ರಸ್ತಾವವನ್ನು ಭಾರೀ ಬಹುಮತದಿಂದ ಗೆಲ್ಲಿಸಿದರು. ತೆರಿಗೆಗೆ ಮೌಲ್ಯದ 1 ಶೇಕಡಾ ಮಿತಿ, ಮನೆ ಕೈ ಬದಲಾಗುವ ತನಕ ಮೌಲ್ಯ ವರ್ಷಕ್ಕೆ 2 ಶೇಕಡಾಕ್ಕಿಂತ ಹೆಚ್ಚು ಏರುವ ಹಾಗಿಲ್ಲ. ವಯಸ್ಸಾದವರ ಹೆಸರಲ್ಲಿ ಬಂದ ಈ ನಿಯಮದ ಲಾಭ ಕಂಪನಿಗಳ ಕಟ್ಟಡಗಳಿಗೂ ಸಿಕ್ಕಿತು. ಅಜ್ಜಿಯ ಕಥೆ ಸುಳ್ಳಲ್ಲ, ಆದರೆ ಅದರ ನೆರಳಲ್ಲಿ ನಿಲ್ಲುವವರು ತುಂಬಾ ಜನ.

ಮೊದಲು ಮಾಡಿದ ಎರಡು ಪ್ರಯತ್ನ

ನಗರಸಭೆ ಮೊದಲು ಕರಪತ್ರ ಹಂಚಿತು. ಈ ತೆರಿಗೆ ಬೀಳುವುದು ಬೆರಳೆಣಿಕೆಯಷ್ಟು ಮನೆಗಳಿಗೆ, ನಿಮಗಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಇದು ತಿರುಗುಬಾಣವಾಯಿತು. ಅಷ್ಟು ಕಮ್ಮಿ ಮನೆಗಳಾದರೆ ಎಷ್ಟು ದುಡ್ಡು ಬರುತ್ತೆ? ದುಡ್ಡು ಸಾಲದಾದಾಗ ಗೆರೆಯನ್ನು ಕೆಳಗೆ ತರ್ತೀರಲ್ವಾ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಗೆರೆ ಎಳೆದ ಮೇಲೆ ಅದನ್ನು ಹಾಗೇ ಬಿಟ್ಟರೂ ಸಾಕು, ಮನೆ ಬೆಲೆ ಏರುತ್ತಾ ಹೋದಂತೆ ಸಾಮಾನ್ಯ ಮನೆಗಳೂ ಒಂದೊಂದಾಗಿ ಅದನ್ನು ದಾಟುತ್ತವೆ. ಯಾರೂ ಕೈಯೆತ್ತಿ ಮತ ಹಾಕದೆಯೇ ತೆರಿಗೆ ಹರಡುತ್ತದೆ.

ಎರಡನೆಯದು ದರ ಇಳಿಸಿದ್ದು. ಹಣಕಾಸು ನೋಡುವವರ ಸಲಹೆ ಅದು. ನಮ್ಮ ತಂಡ ಬೇಡ ಅಂದಿತ್ತು. ಅಷ್ಟೂ ಆಕ್ಷೇಪಣೆಗಳಲ್ಲಿ ದರ ಜಾಸ್ತಿಯಾಯಿತು ಅಂದವರು ಇರಲೇ ಇಲ್ಲ ಅನ್ನಬಹುದು. ಆದರೂ ಇಳಿಸಿದರು. ಎದುರಿದ್ದವರು ಎದುರೇ ಉಳಿದರು. ಪರ ಇದ್ದವರಿಗೆ ಮಾತ್ರ ಇವರು ಹೆದರಿದ್ದಾರೆ ಅನ್ನುವುದು ಗೊತ್ತಾಯಿತು.

ಈ ಹಂತದಲ್ಲಿ ಯೋಜನೆ ಸತ್ತ ಹಾಗೇ ಇತ್ತು. ಮನೆ ತೆರಿಗೆಯನ್ನು ಜನ ಉಳಿದ ತೆರಿಗೆಗಳಿಗಿಂತ ಜಾಸ್ತಿ ದ್ವೇಷಿಸುವುದಕ್ಕೆ ಒಂದು ಸರಳ ಕಾರಣ ಇದೆ. ಸಂಬಳದ ತೆರಿಗೆ ಕೈಗೆ ಬರುವ ಮುಂಚೆಯೇ ಕಡಿತವಾಗಿರುತ್ತದೆ. ಸಾಮಾನಿನ ತೆರಿಗೆ ಬೆಲೆಯೊಳಗೇ ಅಡಗಿರುತ್ತದೆ. ಮನೆ ತೆರಿಗೆ ಮಾತ್ರ ನಮ್ಮ ಹೆಸರು ಬರೆದ ಬಿಲ್ ಆಗಿ ಬರುತ್ತದೆ, ಇಡೀ ಮೊತ್ತ ಒಟ್ಟಿಗೆ ಕಾಣುತ್ತದೆ. ಅಮೆರಿಕದಲ್ಲಿ ಎಷ್ಟೋ ಜನ ಈ ತೆರಿಗೆಯನ್ನು ಸಾಲದ ಕಂತಿನ ಜೊತೆಗೇ ಕಟ್ಟುತ್ತಾರೆ, ಹಾಗಾಗಿ ಅಲ್ಲಿ ಬಿಸಿ ಅಷ್ಟು ತಾಕುವುದಿಲ್ಲ. ಕಾಣುವ ತೆರಿಗೆಯ ಬಗ್ಗೆ ಜನ ಪ್ರಶ್ನೆ ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಉತ್ತರ ಸಿದ್ಧವಿರಬೇಕು.

ಮೇಜಿನ ಮೇಲೆ ಪಟ್ಟಿ

ದಾರಿ ತೆಗೆದದ್ದು ಕಂದಾಯ ವಿಭಾಗದ ಒಬ್ಬ ಅಧಿಕಾರಿ. ಸಭೆಗಳಲ್ಲಿ ಬಾಯಿ ಬಿಡದ ಮನುಷ್ಯ. ಅವರು ಒಂದೇ ಮಾತು ಹೇಳಿದರು: "ಜನ ತೆರಿಗೆಗೆ ಬೇಡ ಅಂತಿಲ್ಲ ಸಾರ್, ನಮ್ಮ ಅಳತೆಗೆ ಬೇಡ ಅಂತಿದ್ದಾರೆ. ಪಟ್ಟಿ ತೋರಿಸಿಬಿಡೋಣ." ಅಧ್ಯಕ್ಷರಿಗೆ ಇಷ್ಟವಿರಲಿಲ್ಲ. ಯಾವ ಮನೆ ಗೆರೆ ದಾಟುತ್ತದೆ ಅಂತ ನೋಡಲು ಮಾಡಿದ್ದ ಅಂದಾಜು ಮೌಲ್ಯದ ಕರಡು ಪಟ್ಟಿ ಹೊರಗೆ ಬಿಟ್ಟರೆ ತಪ್ಪುಗಳೆಲ್ಲ ಬೀದಿಗೆ ಬರುತ್ತವೆ ಅನ್ನುವ ಹೆದರಿಕೆ. ಎರಡು ದಿನ ಜಗ್ಗಾಡಿ ಒಪ್ಪಿದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ.

ಉದ್ದನೆಯ ಮೇಜು, ಅದರ ಮೇಲೆ ಬೀದಿವಾರು ಹಾಳೆಗಳು. ಪ್ರತಿ ಮನೆಗೂ ಒಂದು ಸಾಲು: ಜಾಗದ ಅಳತೆ, ಕಟ್ಟಡದ ಅಳತೆ, ಎಷ್ಟು ಮಹಡಿ, ಕಟ್ಟಿ ಎಷ್ಟು ವರ್ಷ, ಅಂದಾಜು ಮೌಲ್ಯ, ಆ ಮೌಲ್ಯಕ್ಕೆ ಆಧಾರವಾಗಿ ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳು. ಮಾಲೀಕರ ಹೆಸರಿಲ್ಲ, ಮನೆ ನಂಬರ್ ಮಾತ್ರ. ಯಾರು ಬೇಕಾದರೂ ಬಂದು ನೋಡಬಹುದು.

ಮೊದಲ ದಿನವೇ ಒಬ್ಬರು ಸಿಟ್ಟಿನಲ್ಲಿ ಬಂದರು. ತಮ್ಮ ಸಾಲು ಹುಡುಕಿ, ಕಟ್ಟಡದ ಅಳತೆ ಮೇಲೆ ಬೆರಳಿಟ್ಟು, "ಇಷ್ಟು ಎಲ್ಲಿದೆ ನಮ್ಮನೆ?" ಅಂದರು. ಅಧಿಕಾರಿ ಹಳೇ ನಕ್ಷೆ ತರಿಸಿದರು. ತೆರೆದ ಬಾಲ್ಕನಿಯನ್ನು ಯಾರೋ ಕೋಣೆ ಅಂತ ಸೇರಿಸಿದ್ದರು. ಅವರ ಎದುರಿಗೇ ಅಂಕಿ ಹೊಡೆದು, ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ ಹಾಕಿ, ಆ ಹಾಳೆಯ ಒಂದು ನಕಲು ಕೈಗೆ ಕೊಟ್ಟರು. ಹತ್ತು ನಿಮಿಷದ ಕೆಲಸ. ಆ ಮನುಷ್ಯನ ಮನೆ ತಿದ್ದಿದ ಮೇಲೂ ಗೆರೆಯ ಮೇಲೇ ಇತ್ತು. ಆದರೂ ಸಂಜೆ ಅದೇ ಬೀದಿಯ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಂದರು. "ಕೇಳಿದ್ರೆ ತಿದ್ದುತ್ತಾರೆ" ಅನ್ನುವ ಮಾತು ಯಾವ ಕರಪತ್ರಕ್ಕಿಂತಲೂ ಬೇಗ ಹಬ್ಬಿತು.

ಇನ್ನೊಂದು ಸಂಗತಿ ನಾವು ಯಾರೂ ಊಹಿಸದೇ ಇದ್ದದ್ದು. ಜನ ತಮ್ಮ ಸಾಲು ನೋಡಿ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಪಕ್ಕದ ಸಾಲು ನೋಡುತ್ತಿದ್ದರು, ಎದುರು ಮನೆಯ ಸಾಲು ನೋಡುತ್ತಿದ್ದರು. ಒಂದು ಬೀದಿಯಲ್ಲಿ ಮೂರು ಮಹಡಿಯ ಮನೆಯೊಂದು ಪುಸ್ತಕದಲ್ಲಿ ಇನ್ನೂ ಒಂದೇ ಮಹಡಿ ಅಂತಿತ್ತು, ಗೆರೆಗಿಂತ ಕೆಳಗೆ ಹಾಯಾಗಿ ಕೂತಿತ್ತು. ಅದೇ ಬೀದಿಯ ಹಳೇ ಒಂದು ಮಹಡಿ ಮನೆ ಗೆರೆಯ ಮೇಲೆ. "ಅವನ ಎರಡು ಮಹಡಿ ಎಲ್ಲಿ ಹೋಯ್ತು?" ಅಂತ ಶುರುವಾಯಿತು. ಅಲ್ಲಿಯವರೆಗೆ ನಗರಸಭೆಯ ಮೇಲಿದ್ದ ಸಿಟ್ಟು ಬೇರೆ ಕಡೆ ಹರಿಯಿತು. ತೆರಿಗೆಯೇ ಬೇಡ ಅನ್ನುತ್ತಿದ್ದವರು, ಹಾಕುವುದಾದರೆ ಅವನಿಗೂ ಹಾಕಿ ಅನ್ನತೊಡಗಿದರು. ಶ್ರೀಮಂತರು ಬಡವರು ಅನ್ನುವ ಜಗಳಕ್ಕಿಂತ ನನ್ನ ಹಾಗೇ ಇರುವವನು ನನಗಿಂತ ಕಮ್ಮಿ ಕಟ್ಟುತ್ತಾನೆ ಅನ್ನುವ ಸಂಕಟ ದೊಡ್ಡದು. ತೆರಿಗೆ ನ್ಯಾಯದ ಬಗ್ಗೆ ಮಾತಾಡುವವರು ಇದನ್ನು ಮರೆತು, ಮೇಲಿನವರು ಕೆಳಗಿನವರು ಅಂತ ಎರಡೇ ಸಾಲು ಹಾಕಿಕೊಂಡು ಕೂರುತ್ತಾರೆ.

ಕೊನೆಗೆ ಬಂದ ನಿಯಮ

ಪಟ್ಟಿ ನೋಡಿದ ಮೇಲೆ ಬಂದ ಆಕ್ಷೇಪಣೆಗಳು ಬೇರೆ ಥರ ಇದ್ದವು. ಕೂಗಾಟ ಹೋಗಿ, ನಿರ್ದಿಷ್ಟ ತಕರಾರು ಬಂತು. ಅದರಲ್ಲಿ ಗಟ್ಟಿಯಾದದ್ದು ಗೆರೆಯ ಅಂಚಿನಲ್ಲಿದ್ದವರದು.

ಮೊದಲಿನ ಕರಡಿನಲ್ಲಿ ಗೆರೆ ದಾಟಿದರೆ ಮನೆಯ ಪೂರ್ತಿ ಮೌಲ್ಯದ ಮೇಲೆ ತೆರಿಗೆ ಇತ್ತು. ಗೆರೆ 100 ಅಂತ ಇಟ್ಟುಕೊಳ್ಳಿ, ದರ 1 ಶೇಕಡಾ. 99ರ ಮನೆಗೆ ಏನೂ ಇಲ್ಲ, 101ರ ಮನೆಗೆ 1.01. ಮೌಲ್ಯ ಅಂದಾಜು ಮಾಡುವವರು 2 ಆಚೀಚೆ ಮಾಡಿದರೂ ಇಡೀ ತೆರಿಗೆ ಬೀಳುತ್ತದೆ ಇಲ್ಲವೇ ತಪ್ಪುತ್ತದೆ. ಯಾವ ಮೌಲ್ಯಮಾಪಕನೂ ಅಷ್ಟು ನಿಖರವಾಗಿ ಹೇಳಲಾರ. ಇಂಥ ಕಡೆ ಜಗಳ, ಶಿಫಾರಸು, ಕೈಬಿಸಿ ಎಲ್ಲವೂ ಬರುತ್ತವೆ. ಬ್ರಿಟನ್ನಿನಲ್ಲಿ ಮನೆ ಕೊಳ್ಳುವವರು ಕಟ್ಟುವ ಸ್ಟಾಂಪ್ ಡ್ಯೂಟಿ 2014ರ ಡಿಸೆಂಬರ್ ತನಕ ಹೀಗೇ ಇತ್ತು. ಎರಡೂವರೆ ಲಕ್ಷ ಪೌಂಡ್ ದಾಟಿದ ಕೂಡಲೇ ಪೂರ್ತಿ ಬೆಲೆಗೆ 3 ಶೇಕಡಾ. ಹಾಗಾಗಿ ಗೆರೆಯ ಸ್ವಲ್ಪ ಕೆಳಗೆ ವ್ಯವಹಾರಗಳು ಗುಂಪುಗೂಡಿದ್ದವು. ಆಮೇಲೆ ಹಂತ ಹಂತವಾಗಿ, ಆಯಾ ಭಾಗಕ್ಕೆ ಮಾತ್ರ ದರ ಅನ್ನುವ ಪದ್ಧತಿಗೆ ಬದಲಾಯಿಸಿದರು. ಲಾಸ್ ಏಂಜಲೀಸ್ 2022ರಲ್ಲಿ ಮತದಾನದಿಂದ ತಂದ ಆಸ್ತಿ ಮಾರಾಟ ತೆರಿಗೆಯಲ್ಲಿ ಮತ್ತೆ ಅದೇ ಹಳೇ ರೀತಿ: ಶುರುವಿನಲ್ಲಿ 50 ಲಕ್ಷ ಡಾಲರ್ ದಾಟಿದರೆ ಪೂರ್ತಿ ಬೆಲೆಗೆ 4 ಶೇಕಡಾ.

ನಮ್ಮ ನಗರಸಭೆ ಇಲ್ಲಿ ಜಾಣತನ ತೋರಿಸಿತು. ಗೆರೆಯ ಮೇಲಿನ ಭಾಗಕ್ಕೆ ಮಾತ್ರ ತೆರಿಗೆ ಅಂತ ಬದಲಾಯಿಸಿದರು. 101ರ ಮನೆಗೆ ಈಗ 0.01. ಅಂಚಿನವರ ತಕರಾರು ಒಂದೇ ಏಟಿಗೆ ಕರಗಿತು. ಬರುವ ದುಡ್ಡು ಕಮ್ಮಿಯಾಯಿತು, ಆದರೆ ಮೇಲ್ಮನವಿಗಳ ಖರ್ಚೂ ಕಮ್ಮಿಯಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2018ರಲ್ಲಿ ದುಬಾರಿ ಮನೆಗಳ ಮೇಲೆ ಘೋಷಿಸಿದ ಹೆಚ್ಚುವರಿ ಶಾಲಾ ತೆರಿಗೆಯೂ ಹೀಗೇ ಇದೆ. ಶುರುವಿನಲ್ಲಿ 30 ಲಕ್ಷ ಡಾಲರ್ ಮೀರಿದ ಭಾಗಕ್ಕೆ 0.2 ಶೇಕಡಾ, 40 ಲಕ್ಷ ಮೀರಿದ ಭಾಗಕ್ಕೆ 0.4 ಇತ್ತು. ಅಲ್ಲೂ ವ್ಯಾಂಕೋವರಿನ ದುಬಾರಿ ಬಡಾವಣೆಗಳಲ್ಲಿ ಪ್ರತಿಭಟನೆ ನಡೆದಿತ್ತು.

ಎರಡನೇ ಬದಲಾವಣೆ ಶಿಕ್ಷಕಿಯಂಥವರಿಗಾಗಿ. ವಯಸ್ಸಾದ, ಆದಾಯ ಕಡಿಮೆ ಇರುವ ಮಾಲೀಕರು ತೆರಿಗೆಯನ್ನು ಈಗಲೇ ಕಟ್ಟಬೇಕಿಲ್ಲ. ಮನೆಯ ಮೇಲೆ ಬಾಕಿಯಾಗಿ ಉಳಿಸಿಕೊಂಡು, ಮಾರುವಾಗ ಅಥವಾ ವಾರಸುದಾರರಿಗೆ ಹೋಗುವಾಗ ಸಣ್ಣ ಬಡ್ಡಿ ಸೇರಿಸಿ ಕಟ್ಟಬಹುದು. ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರಿಗೆ ಇಂಥ ಸೌಲಭ್ಯ ಬಹಳ ಹಿಂದಿನಿಂದ ಇದೆ, ಐರ್ಲೆಂಡಿನ ಮನೆ ತೆರಿಗೆಯಲ್ಲೂ ಇದೆ. ಪೂರ್ತಿ ವಿನಾಯಿತಿ ಕೊಡಿ ಅಂತ ಒತ್ತಡ ಬಂದಿತ್ತು. ಕೊಡಲಿಲ್ಲ, ಅದು ಸರಿಯೇ. ವಿನಾಯಿತಿ ಕೊಟ್ಟರೆ ಅದರ ಲಾಭ ಕೊನೆಗೆ ಹೋಗುವುದು ಅಜ್ಜಿಗಲ್ಲ, ಮನೆಯ ವಾರಸುದಾರರಿಗೆ.

ಮೂರನೆಯದು ಡ್ರೈವರ್ ಕೇಳಿದ ಪ್ರಶ್ನೆಗೆ ಉತ್ತರ. ಮನೆ ಬೆಲೆಯ ಸರಾಸರಿ ಏರಿದ ಹಾಗೆ ಗೆರೆಯೂ ತಾನಾಗಿ ಏರುತ್ತದೆ. ಕೆಳಗೆ ತರಬೇಕಾದರೆ ಸಾರ್ವಜನಿಕ ಸಭೆ ನಡೆಸಿ, ಮೂರನೇ ಎರಡು ಭಾಗ ಸದಸ್ಯರ ಒಪ್ಪಿಗೆ ಪಡೆಯಬೇಕು. ಬಂದ ದುಡ್ಡಿಗೆ ಬೇರೆ ಲೆಕ್ಕ ಇಡಬೇಕು ಅಂತಲೂ ಸೇರಿಸಿದರು. ಇದರ ಬಗ್ಗೆ ನನಗೆ ಅನುಮಾನ ಇತ್ತು, ಈಗಲೂ ಇದೆ. ಒಂದು ಕೈಯಲ್ಲಿ ಹೊಸ ನಿಧಿಗೆ ದುಡ್ಡು ಹಾಕಿ, ಇನ್ನೊಂದು ಕೈಯಲ್ಲಿ ಅದೇ ಕೆಲಸದ ಹಳೇ ಅನುದಾನ ಕಡಿದರೆ ಯಾರು ಹಿಡಿಯುತ್ತಾರೆ? ಆದರೂ ಜನರಿಗೆ ಅದು ಬೇಕಿತ್ತು.

ಜಾರಿಯಾದ ಮೇಲೆ

ಕಡಿಮೆ ಅಂತರದಲ್ಲಿ ಪಾಸಾಯಿತು. ಮೊದಲ ವರ್ಷದ ವಸೂಲಿ ಅಂದುಕೊಂಡದ್ದಕ್ಕಿಂತ ಕಮ್ಮಿ. ಮೇಲ್ಮನವಿಗಳು ಭಯಪಟ್ಟಷ್ಟು ಬರಲಿಲ್ಲ, ಮೇಜಿನ ಮೇಲೆಯೇ ಅರ್ಧ ಜಗಳ ಮುಗಿದಿತ್ತಲ್ಲ.

ತಪ್ಪಿಸಿಕೊಳ್ಳುವ ದಾರಿ ಹುಡುಕಿದವರು ಇದ್ದರು. ಒಂದೇ ಮನೆಯನ್ನು ಅಣ್ಣ ತಮ್ಮ ಅಂತ ಎರಡು ಖಾತೆ ಮಾಡಿ, ಎರಡೂ ಗೆರೆಯ ಕೆಳಗೆ ಇಳಿಸಿದರು. ಬಾಗಿಲು ಒಂದೇ, ಅಡುಗೆಮನೆ ಒಂದೇ, ಕಾಗದದಲ್ಲಿ ಮಾತ್ರ ಎರಡು. ಇದನ್ನು ಮುಚ್ಚಲು ಎರಡನೇ ವರ್ಷ ತಿದ್ದುಪಡಿ ಬೇಕಾಯಿತು. ಕರಡು ಬರೆಯುವಾಗಲೇ ಕೂಡಿಸಿ ಲೆಕ್ಕ ಹಾಕುವ ಅಧಿಕಾರ ಬರೆದಿಟ್ಟಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಬಾಕಿ ಇಟ್ಟುಕೊಳ್ಳುವ ಸೌಲಭ್ಯವನ್ನು ಬಳಸಿದವರು ತೀರಾ ಕಮ್ಮಿ. ಆ ಶಿಕ್ಷಕಿಯೂ ಬಳಸಲಿಲ್ಲ. ಕಂತಿನಲ್ಲಿ ಕಟ್ಟಿದರು. ಯಾಕೆ ಅಂತ ಕೇಳಿದಾಗ, "ಮಕ್ಕಳ ತಲೆ ಮೇಲೆ ಸಾಲ ಬಿಟ್ಟು ಹೋಗೋಕೆ ಇಷ್ಟ ಇಲ್ಲಪ್ಪ" ಅಂದರು. ಹಾಗಾದರೆ ಆ ನಿಯಮ ವ್ಯರ್ಥವೇ ಅಂತ ಕೆಲವು ಸದಸ್ಯರು ಅಂದರು. ನಾನು ಒಪ್ಪುವುದಿಲ್ಲ. ಅದು ಇದೆ ಅನ್ನುವ ಕಾರಣಕ್ಕೇ ಸಭೆಯಲ್ಲಿ ಅಜ್ಜಿಯ ಮಾತು ತೆಗೆದವರಿಗೆ ಉತ್ತರ ಇತ್ತು. ಅದಿಲ್ಲದಿದ್ದರೆ ಪಾಸಾಗಲು ಬೇಕಾದ ಮತ ಸಿಗುತ್ತಿರಲಿಲ್ಲ.

ಕುತೂಹಲಕ್ಕೆ ಅದೇ ಸರ್ವೆಯನ್ನು ಮತ್ತೆ ಮಾಡಿದೆವು. ಹೌದು ಅಂದವರು ಮೊದಲಿಗಿಂತ ಕಮ್ಮಿಯಾಗಿದ್ದರು. ಅಧ್ಯಕ್ಷರಿಗೆ ಬೇಜಾರಾಯಿತು. ಆದರೆ ಆ ಉತ್ತರಗಳ ತೂಕ ಬೇರೆ. ಮೊದಲ ಸಲ ಹೌದು ಅಂದವರು ತೆರಿಗೆಯನ್ನೇ ನೋಡಿರಲಿಲ್ಲ. ಈ ಸಲ ಹೌದು ಅಂದವರು ಬಿಲ್ ನೋಡಿದ್ದರು, ಪಕ್ಕದ ಮನೆಯವರು ಬೈಯುವುದನ್ನು ಕೇಳಿದ್ದರು, ಆಮೇಲೂ ಹೌದು ಅಂದಿದ್ದರು. ಇನ್ನೊಂದು ಊರಿನವರು ನನ್ನನ್ನು ಕೇಳಿದರೆ, ಸರ್ವೆಗೆ ಇಡುವ ದುಡ್ಡಿನಲ್ಲಿ ಅರ್ಧವನ್ನು ಅಳತೆ ತಿದ್ದುವುದಕ್ಕೆ ಇಡಿ ಅಂತೀನಿ. ದರದ ಚರ್ಚೆ ಆಮೇಲೆ. ಮತ್ತೆ, ಮೈಕ್ ಯಾರ ಕೈಗೆ ಕೊಡುತ್ತೀರಿ ಅನ್ನುವುದನ್ನು ಮುಂಚೆಯೇ ತೀರ್ಮಾನಿಸಿಕೊಳ್ಳಿ.

ಈಗ ಮೊದಲ ಮರುಮೌಲ್ಯಮಾಪನದ ಸಮಯ ಬಂದಿದೆ. ಆ ಕಂದಾಯ ಅಧಿಕಾರಿಗೆ ವರ್ಗವಾಗಿದೆ. ಚುನಾವಣೆ ಹತ್ತಿರ ಇರುವುದರಿಂದ ಒಂದು ವರ್ಷ ಮುಂದೂಡೋಣ ಅಂತ ಸದಸ್ಯರು ಮಾತಾಡಿಕೊಳ್ಳುತ್ತಿದ್ದಾರೆ. ಐರ್ಲೆಂಡಿನಲ್ಲಿ 2013ರಲ್ಲಿ ಶುರುವಾದ ಮನೆ ತೆರಿಗೆಗೆ 2016ರಲ್ಲೇ ಹೊಸ ಮೌಲ್ಯ ಬರಬೇಕಿತ್ತು. ಮುಂದೂಡುತ್ತಾ ಹೋಗಿ ಅದು ಆದದ್ದು 2021ರಲ್ಲಿ. ಇಲ್ಲಿ ಎಷ್ಟು ವರ್ಷ ಹಿಡಿಯುತ್ತದೋ, ಮುಂದಿನ ತಿಂಗಳ ಸಭೆಯ ಅಜೆಂಡಾದಲ್ಲಿ ಮುಂದೂಡುವ ವಿಷಯವಂತೂ ಸೇರಿದೆ.